ಅವಸರದ ಆಟ, ಅವಧಾನದ ಆಟ



ಚದುರಂಗದಂಥ ಲೌಕಿಕ ವಿಷಯವೊಂದನ್ನು ಈ ಪುಟಗಳಿಗೆ ತಂದುದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಆದರೆ ಈ ಪತ್ರಿಕೆಯನ್ನು ತರಿಸಿ ಓದುವವರಲ್ಲಿ ಅನೇಕರು ಉಪಾಧ್ಯಾಯರು. ಉಳಿದವರಲ್ಲಿ ಬಹುಮಂದಿ ತಂದೆ-ತಾಯಿಯರು, ಅಜ್ಜ-ಅಜ್ಜಿಯರು. ಮನೆಯ ಮಗು ಮೊಬೈಲು ಹಿಡಿದು ಮೂಲೆಯಲ್ಲಿ ಕುಳಿತಾಗ, ಅದು ಚದುರಂಗವಾಡುತ್ತಿದೆಯೆಂದು ತಿಳಿದರೆ "ಸದ್ಯ, ಬುದ್ಧಿ ಬೆಳೆಯುವ ಆಟವನ್ನಾದರೂ ಆಡುತ್ತಿದೆ" ಎಂದು ಸಮಾಧಾನಪಟ್ಟುಕೊಳ್ಳುವವರು. ನಾನೂ ಹಾಗೆಯೇ ಸಮಾಧಾನಪಟ್ಟುಕೊಂಡವನು. ಆ ಸಮಾಧಾನವು ಎಷ್ಟರಮಟ್ಟಿಗೆ ನಿಜ, ಹೊಸದಾಗಿ ಕಲಿಯುವವನು ಚಟಪಟನೆ ಮುಗಿಯುವ ಆಟಗಳಿಂದ ಬೆಳೆಯುತ್ತಾನೆಯೋ ಗಂಟೆಗಟ್ಟಲೆ ನಡೆಯುವ ಆಟಗಳಿಂದ ಬೆಳೆಯುತ್ತಾನೆಯೋ ಎಂಬುದನ್ನು ಈ ಮುಪ್ಪಿನಲ್ಲಿ ಸ್ವಾನುಭವದಿಂದ ಅರಿಯುವ ಪ್ರಸಂಗ ನನಗೆ ಒದಗಿತು. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಮೂವತ್ತನಾಲ್ಕು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಗಣಿತವನ್ನು ಬೋಧಿಸಿದವನು ನಾನು. "ಗಣಿತದ ಮಾಸ್ತರರಿಗೆ ಚದುರಂಗ ಬಾರದಿರುವುದುಂಟೆ?" ಎಂದು ಹಲವರು ಕೇಳುತ್ತಿದ್ದರು. ಬರುತ್ತಿರಲಿಲ್ಲ. ಕಲಿಸಿದವನು ನನ್ನ ಮೊಮ್ಮಗ. 2022ರ ಬೇಸಗೆಯ ರಜೆಯಲ್ಲಿ, ಧಾರವಾಡದ ಮಗಳ ಮನೆಯಲ್ಲಿ, ಅವನಿಗೆ ಆಗ ಹತ್ತು ವರ್ಷ. ಆನೆ ನೇರ, ಒಂಟೆ ಓರೆ, ಕುದುರೆ ಎರಡೂವರೆ ಮನೆ ಎಂದು ಒಂದು ಮಧ್ಯಾಹ್ನದಲ್ಲಿ ಕಲಿಸಿ, ಸಂಜೆಯ ಹೊತ್ತಿಗೆ ಮೊಬೈಲಿನಲ್ಲಿ ನನ್ನ ಹೆಸರಿನದೊಂದು ಖಾತೆಯನ್ನೂ ತೆರೆದುಕೊಟ್ಟ. ಅಲ್ಲಿ ಕಾಣದ ಎದುರಾಳಿಗಳು, ಹಗಲಿರುಳೆನ್ನದೆ. ಒಬ್ಬೊಬ್ಬರಿಗೂ ಒಟ್ಟು ಐದು ನಿಮಿಷ. ನನ್ನ ಸರದಿ ಬಂದಾಗ ನನ್ನ ಕಾಲ ಕರಗುತ್ತದೆ, ಅವನ ಸರದಿಯಲ್ಲಿ ಅವನದು. ಐದು ನಿಮಿಷ ತೀರಿದವನು, ಮಣೆಯ ಮೇಲೆ ಎಷ್ಟೇ ಬಲವಿರಲಿ, ಸಾಮಾನ್ಯವಾಗಿ ಸೋತಂತೆಯೇ.

ಆ ಐದು ನಿಮಿಷದ ಆಟಕ್ಕೆ ನಾನು ಎಂಥ ವಶನಾದೆನೆಂಬುದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಊಟಕ್ಕೆ ಕರೆದರೆ "ಇದೊಂದು ಮುಗಿಯಲಿ" ಎನ್ನುತ್ತಿದ್ದೆ. ಎಂಟು ತಿಂಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಆಟಗಳನ್ನು ಆಡಿದೆನೆಂದು ಆ ಮೊಬೈಲೇ ಲೆಕ್ಕವಿಟ್ಟು ತೋರಿಸಿತು. ಅದೇ ಮೊಬೈಲು ನಮ್ಮ ಯೋಗ್ಯತೆಗೆ ಒಂದು ಅಂಕವನ್ನೂ ಕೊಡುತ್ತದೆ. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ನನ್ನ ಅಂಕವು ಎರಡನೆಯ ತಿಂಗಳಿನಲ್ಲಿ ಏಳುನೂರರ ಆಸುಪಾಸಿಗೆ ಬಂದು, ಎಂಟನೆಯ ತಿಂಗಳಿನಲ್ಲಿಯೂ ಏಳುನೂರರ ಆಸುಪಾಸಿನಲ್ಲಿಯೇ ಇದ್ದಿತು. ಎರಡು ಸಾವಿರ ಲೆಕ್ಕಗಳನ್ನು ಮಾಡಿಯೂ ಒಂದು ಅಂಕ ಹೆಚ್ಚು ಪಡೆಯದ ವಿದ್ಯಾರ್ಥಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ಅಭ್ಯಾಸವೇ ಗುರುವೆಂದು ಮಕ್ಕಳಿಗೆ ಹೇಳಿಕೊಂಡು ಬಂದವನಿಗೆ ಇದು ಅವಮಾನವೇ ಸರಿ.

ಕಲಿಯಲಿಲ್ಲವೆಂದು ಹೇಳಿದರೆ ತಪ್ಪಾದೀತು, ಕಲಿತದ್ದು ತಪ್ಪಾಗಿತ್ತು. ಉದಾಹರಣೆಗೆ, ನಾಲ್ಕು ನಡೆಯಲ್ಲಿ ರಾಜನನ್ನು ಕಟ್ಟಿಹಾಕುವ ಒಂದು ಉಪಾಯವುಂಟು. ಮಂತ್ರಿಯನ್ನೂ ಒಂಟೆಯನ್ನೂ ಬೇಗನೆ ಹೊರತಂದು, ಎದುರಾಳಿಯ ರಾಜನ ಮಗ್ಗುಲ ಒಂಟೆಯ ಮುಂದಿರುವ ಕಾಲಾಳುವಿನ ಮೇಲೆ ಎರಗುವುದು. ಆ ಕಾಲಾಳುವಿಗೆ ರಾಜನ ಹೊರತು ಬೇರೆ ಕಾವಲಿರುವುದಿಲ್ಲ. ಅವಸರದಲ್ಲಿರುವ ಎದುರಾಳಿಯು ಹತ್ತರಲ್ಲಿ ಮೂರು ಸಲ ಇದನ್ನು ಗಮನಿಸುತ್ತಿರಲಿಲ್ಲ, ನಾನು ಗೆಲ್ಲುತ್ತಿದ್ದೆ. ಗೆಲುವು ನನಗೆ "ಇದು ಒಳ್ಳೆಯ ನಡೆ" ಎಂದು ಪಾಠ ಹೇಳುತ್ತಿತ್ತು. ಮತ್ತೊಂದು ಬಗೆಯ ಗೆಲುವೂ ಇತ್ತು: ನನ್ನ ಕಡೆ ರಾಜನೂ ಎರಡು ಕಾಲಾಳುಗಳೂ ಮಾತ್ರ ಉಳಿದು, ಅವನ ಕಡೆ ಮಂತ್ರಿಯೇ ಇದ್ದರೂ, ಅವನ ಐದು ನಿಮಿಷ ತೀರಿಹೋದುದರಿಂದ ನನಗೆ ಜಯ. ಮಣೆಯ ಮೇಲೆ ಸೋತವನು ಗಡಿಯಾರದ ಮೇಲೆ ಗೆದ್ದು ಬೀಗುವುದು. ಬೋಧಕನಾಗಿ ಯೋಚಿಸಿ ನೋಡಿರಿ. ತಪ್ಪು ಉತ್ತರಕ್ಕೆ ಆಗಾಗ ಪೂರ್ಣಾಂಕವನ್ನು ಕೊಡುತ್ತ ಹೋದರೆ ಆ ಶಿಷ್ಯನು ಏನಾಗಬೇಕು? ಅವಸರದ ಆಟದಲ್ಲಿ ಇಬ್ಬರೂ ತಪ್ಪುತ್ತಾರೆ. ಆದುದರಿಂದ ಯಾರ ತಪ್ಪಿಗೂ ಶಿಕ್ಷೆ ನಿಶ್ಚಿತವಿಲ್ಲ. ಹೊಸಬನಿಗೆ ಇದಕ್ಕಿಂತ ದೊಡ್ಡ ಕೇಡಿಲ್ಲವೆಂದು ನನ್ನ ಅಭಿಪ್ರಾಯ.

ಹೀಗಿರುವಾಗ ನನ್ನ ಹಳೆಯ ಮಿತ್ರರೊಬ್ಬರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಒಂದು ಭಾನುವಾರ ಮನೆಗೆ ಬಂದರು. ನಾನು ಮೊಬೈಲಿನಲ್ಲಿ ಆಡುತ್ತಿದ್ದುದನ್ನು ಕೆಲಹೊತ್ತು ಹಿಂದೆ ನಿಂತು ನೋಡಿ, ಏನೂ ಅನ್ನದೆ ಹೋದರು. ಮುಂದಿನ ಭಾನುವಾರ ಚೀಲದಲ್ಲಿ ಒಂದು ಕಟ್ಟಿಗೆಯ ಮಣೆ, ಕಾಯಿಗಳ ಡಬ್ಬಿ, ಜೋಡು ಮುಖದ ಹಳೆಯ ಗಡಿಯಾರ, ಎರಡು ರೂಲು ಹಾಕಿದ ನೋಟುಪುಸ್ತಕಗಳನ್ನು ತಂದರು. ತಲೆಗೆ ಒಂದೊಂದು ಗಂಟೆ. ಆಡಿದ ಪ್ರತಿಯೊಂದು ನಡೆಯನ್ನೂ ಬರೆದುಕೊಳ್ಳತಕ್ಕದ್ದು. ಆಟ ಆರಂಭವಾಯಿತು. ನಾನು ಹದಿನೆಂಟನೆಯ ನಡೆಯಲ್ಲಿ ಮಂತ್ರಿಯನ್ನು ಕಳೆದುಕೊಂಡು, ಇಪ್ಪತ್ತನಾಲ್ಕನೆಯದರಲ್ಲಿ ಸೋತೆ. ಅವರು ಕಾಯಿಗಳನ್ನು ಎತ್ತಿಡಲಿಲ್ಲ. ಗಡಿಯಾರವನ್ನು ನನ್ನ ಕಡೆಗೆ ತಿರುಗಿಸಿ ಹೀಗೆಂದರು:

"ಮಾಸ್ತರ, ನಿಮ್ಮ ಗಡಿಯಾರದಾಗ ಇನ್ನೂ ಐವತ್ತು ನಿಮಿಷ ಉಳದಾವ. ಅವನ್ನ ಏನ್ ಮಾಡೂದು?"

ನನ್ನಲ್ಲಿ ಉತ್ತರವಿರಲಿಲ್ಲ. ಕಾಲವಿದ್ದೂ ನಾನು ಅದನ್ನು ಬಳಸಲಾರದವನಾಗಿದ್ದೆ. ಕೈ ತಾನಾಗಿಯೇ ಕಾಯಿಯತ್ತ ಹೋಗುತ್ತಿತ್ತು. ಯೋಚನೆಯು ಕೈಯ ಹಿಂದೆ ಓಡಿ ಬರುತ್ತಿತ್ತು. ಯೋಚಿಸಬೇಕೆಂದು ಕುಳಿತರೂ ಏನನ್ನು ಯೋಚಿಸಬೇಕೆಂಬುದು ತಿಳಿಯುತ್ತಿರಲಿಲ್ಲ. ಎರಡು ಸಾವಿರ ಆಟಗಳು ನನಗೆ ಕಲಿಸಿದ್ದು ಇಷ್ಟನ್ನು.

ಇಲ್ಲಿ ಗಡಿಯಾರದ ವಿಷಯವಾಗಿ ಎರಡು ಮಾತು ಹೇಳಿದರೆ ಅಪ್ರಸ್ತುತವಾಗಲಾರದು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಮನೆಯ ವಿನೋದಗಳ ಸಾಲಿನಲ್ಲಿ ಚತುರಂಗದ ವಿವರವೂ ಬರುತ್ತದೆ. ಪ್ರಾಚೀನ ಕಾಲದ ಆ ಆಟದಲ್ಲಿ ಮಂತ್ರಿಗೆ ಓರೆಯಾಗಿ ಒಂದೇ ಮನೆಯ ಓಡಾಟ. ಮಣೆಯನ್ನೆಲ್ಲ ಒಂದೇ ನೆಗೆತಕ್ಕೆ ದಾಟುವ ಶಕ್ತಿಯು ಆ ಕಾಯಿಗೆ ಬಂದುದು 15ನೆಯ ಶತಮಾನದ ಕೊನೆಯ ಭಾಗದಲ್ಲಿ, ಯುರೋಪಿನಲ್ಲಿ. ಆಗಲೂ ಕಾಲದ ಮಿತಿ ಇರಲಿಲ್ಲ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರಸಿದ್ಧ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಟಗಾರನು ಒಂದು ನಡೆಗೆ ಎಷ್ಟು ಹೊತ್ತನ್ನಾದರೂ ತೆಗೆದುಕೊಳ್ಳಬಹುದಾಗಿತ್ತು. ಎದುರಿಗೆ ಕುಳಿತವನ ತಾಳ್ಮೆಯೊಂದೇ ಮಿತಿ. ಅದು ಸಹಿಸಲಸಾಧ್ಯವಾದ ಮೇಲೆ ಮರಳುಗಡಿಯಾರಗಳು ಬಂದವು. 1883ರ ಲಂಡನ್ ಪಂದ್ಯಾವಳಿಯಲ್ಲಿ ಯಂತ್ರದ ಜೋಡುಗಡಿಯಾರ ಬಂತು. ಇಂದು ವಿಶ್ವ ಚದುರಂಗ ಸಂಸ್ಥೆಯ ನಿಯಮದಂತೆ ತಲೆಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಬ್ಲಿಟ್ಜ್, ಎಂದರೆ ಮಿಂಚಿನಾಟ. 10ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ ಇದ್ದರೆ ರ್‍ಯಾಪಿಡ್. 60 ಅಥವಾ ಮೇಲ್ಪಟ್ಟು ಇದ್ದರೆ ಮಾತ್ರ ಪೂರ್ಣಾವಧಿಯ ಆಟ. ಗಡಿಯಾರವು ಹುಟ್ಟಿದ್ದು ಅತಿ ನಿಧಾನವನ್ನು ತಡೆಯುವುದಕ್ಕೆ. ಅದು ಈಗ ಮಾಡುತ್ತಿರುವ ಕೆಲಸವೇ ಬೇರೆ.

ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಮ್ಮ ಆಟ ನಿಯಮಿತವಾಯಿತು. ನನ್ನ ನಾಲ್ಕು ನಡೆಯ ಉಪಾಯವನ್ನು ಮಿತ್ರರ ಮೇಲೆ ಪ್ರಯೋಗಿಸಿದೆ. ಅವರು ಕುದುರೆಯನ್ನು ಹೊರತಂದು ನನ್ನ ಮಂತ್ರಿಯನ್ನು ಬೆದರಿಸಿದರು, ಅದು ಓಡಿತು. ಒಂಟೆಯನ್ನು ತಂದು ಮತ್ತೆ ಬೆದರಿಸಿದರು, ಮತ್ತೆ ಓಡಿತು. ಹತ್ತು ನಡೆಗಳಾಗುವ ಹೊತ್ತಿಗೆ ಅವರ ಸೈನ್ಯವೆಲ್ಲ ಅಂಗಳದಲ್ಲಿ. ನನ್ನದು ಇನ್ನೂ ಪಡಸಾಲೆಯಲ್ಲಿಯೇ. ನೂರಾರು ಸಲ ಗೆಲ್ಲಿಸಿಕೊಟ್ಟ ಉಪಾಯವು ಯೋಚಿಸುವ ಮನುಷ್ಯನ ಮುಂದೆ ಉಪಾಯವೇ ಅಲ್ಲವೆಂಬುದು ಒಂದೇ ಆಟದಲ್ಲಿ ತಿಳಿಯಿತು.

ಆದರೆ ನನ್ನ ಕಣ್ಣನ್ನು ನಿಜವಾಗಿ ತೆರೆಯಿಸಿದ್ದು ಇನ್ನೊಂದು ಸಣ್ಣ ಸಂಗತಿ. ಚದುರಂಗ ಬಲ್ಲವರಿಗೆ ಇದು ಬಾಲಪಾಠ. ರಾಜನನ್ನು ಮೂಲೆಗೆ ಸರಿಸಿ ಕೋಟೆ ಕಟ್ಟಿದ ಮೇಲೆ ಅವನ ಮುಂದೆ ಮೂರು ಕಾಲಾಳುಗಳು ಗೋಡೆಯಂತೆ ನಿಂತಿರುತ್ತಾರೆ. ಗೋಡೆ ಭದ್ರ, ನಿಜ. ಆದರೆ ಎದುರಾಳಿಯ ಆನೆಯು ನಮ್ಮ ಹಿಂದಿನ ಸಾಲಿಗೆ ಇಳಿದುಬಿಟ್ಟರೆ ರಾಜನಿಗೆ ಓಡಲು ಬಾಗಿಲಿಲ್ಲ. ತನ್ನವರ ಗೋಡೆಯೇ ಅವನ ಸೆರೆಮನೆ. ಒಂದು ಕಾಲಾಳುವನ್ನು ಒಂದು ಮನೆ ಮುಂದಕ್ಕೆ ದೂಡಿ ಕಿಂಡಿ ಬಿಟ್ಟಿದ್ದರೆ ಸಾಕಾಗಿತ್ತು. ಮೊಬೈಲಿನ ಆಟಗಳಲ್ಲಿ ನಾನು ಎಷ್ಟು ಸಲ ಹೀಗೆ ಸೋತೆನೆಂಬುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ "ಅಯ್ಯೋ, ಗೊತ್ತಿತ್ತಲ್ಲ!" ಎಂದುಕೊಂಡು, ಮರುಕ್ಷಣವೇ ಹೊಸ ಆಟದ ಗುಂಡಿಯನ್ನು ಒತ್ತುತ್ತಿದ್ದೆ. ಗೊತ್ತಿತ್ತು, ಕಾಣುತ್ತಿರಲಿಲ್ಲ. ಗೊತ್ತಿರುವುದಕ್ಕೂ ಕಾಣುವುದಕ್ಕೂ ನಡುವಣ ಅಂತರವನ್ನು ಆ ಅವಸರದಲ್ಲಿ ದಾಟುವವರು ಯಾರು?

ಮೂರನೆಯದೋ ನಾಲ್ಕನೆಯದೋ ಭಾನುವಾರ, ನಡು ಆಟದಲ್ಲಿ, ಮಿತ್ರರು ಆನೆಯನ್ನು ತೆರೆದ ಸಾಲಿಗೆ ತಂದು ಸುಮ್ಮನೆ ಕುಳಿತರು. ನಾನು ಅವರು ಹೇಳಿಕೊಟ್ಟಿದ್ದ ಒಂದೇ ಪ್ರಶ್ನೆಯನ್ನು ಕೇಳಿಕೊಂಡೆ: ಈ ಕಾಯಿ ಇಲ್ಲಿಗೆ ಯಾಕೆ ಬಂತು? ಏಳು ನಿಮಿಷ ಕುಳಿತೆ. ಒಳಗೆ ಮಗಳು ಚಹಾ ಸೋಸುವ ಸಪ್ಪಳ ಕೇಳುತ್ತಿತ್ತು. ಆನೆ ಕೆಳಗಿಳಿಯುತ್ತದೆ, ನನ್ನ ಕುದುರೆ ಈಗ ಆ ಮನೆಯನ್ನು ಕಾಯುತ್ತಿದೆ, ಆದರೆ ಆ ಕುದುರೆಯನ್ನು ಅವರ ಒಂಟೆ ತಿಂದರೆ... ಆಗ ಕಂಡಿತು. ಅಂಚಿನ ಕಾಲಾಳುವನ್ನು ಒಂದು ಮನೆ ಮುಂದೂಡಿದೆ. ಮಿತ್ರರು ತಲೆಯಾಡಿಸಿದರು. ಆ ಆಟವನ್ನೂ ನಾನು ಸೋತೆ, ಬೇರೆ ಕಾರಣಕ್ಕೆ. ಆದರೆ ಅದಾಗಿ ಒಂದೆರಡು ತಿಂಗಳ ಮೇಲೆ ಮೊಮ್ಮಗನೊಡನೆ ಐದು ನಿಮಿಷದ ಆಟವನ್ನು ಆಡುತ್ತಿದ್ದಾಗ, ಅವನು ಆನೆಯನ್ನು ತೆರೆದ ಸಾಲಿಗೆ ತಂದ ಕೂಡಲೇ ನನ್ನ ಕೈ ಆ ಅಂಚಿನ ಕಾಲಾಳುವನ್ನು ದೂಡಿಬಿಟ್ಟಿತು. ಎರಡು ಕ್ಷಣವೂ ಹಿಡಿಯಲಿಲ್ಲ. ಏಳು ನಿಮಿಷದಲ್ಲಿ ಒಮ್ಮೆ ಕಂಡದ್ದು ಆಮೇಲೆ ಎರಡು ಕ್ಷಣದಲ್ಲಿ ಕಾಣತೊಡಗಿತ್ತು. ಎರಡು ಕ್ಷಣದಲ್ಲಿ ಸಾವಿರ ಸಲ ಕಾಣದಿದ್ದುದು ಮಾತ್ರ ಎಂದೂ ಕಂಡಿರಲಿಲ್ಲ.

ಇದು ನನ್ನೊಬ್ಬನ ಭ್ರಮೆಯಲ್ಲವೆಂಬುದಕ್ಕೆ ಮನಶ್ಶಾಸ್ತ್ರದ ಆಧಾರವೂ ಉಂಟು. ಹಾಲೆಂಡಿನ ಮನಶ್ಶಾಸ್ತ್ರಜ್ಞರೂ ಸ್ವತಃ ನುರಿತ ಆಟಗಾರರೂ ಆಗಿದ್ದ ಆಡ್ರಿಯಾನ್ ಡಿ ಗ್ರೂಟ್ ಎಂಬವರು ಚದುರಂಗದ ಆಟಗಾರರ ಚಿಂತನಕ್ರಮವನ್ನು ಕುರಿತು 1946ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅನಂತರ 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದೇ ದಾರಿಯಲ್ಲಿ ಒಂದು ಪ್ರಯೋಗ ಮಾಡಿದರು. ನಿಜವಾದ ಆಟವೊಂದರ ನಡುವಣ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪರಿಣತನು ಬಹುಪಾಲು ಕಾಯಿಗಳನ್ನು ಸ್ವಸ್ಥಾನದಲ್ಲಿ ಮತ್ತೆ ಜೋಡಿಸುತ್ತಾನೆ. ಹೊಸಬನಿಗೆ ನಾಲ್ಕಾರು ಕಾಯಿಗಳೂ ನೆನಪಿರುವುದಿಲ್ಲ. ಅದೇ ಕಾಯಿಗಳನ್ನು ಅರ್ಥವಿಲ್ಲದೆ ಮನಬಂದಂತೆ ಮಣೆಯ ಮೇಲೆ ಚೆಲ್ಲಿ ತೋರಿಸಿದಾಗ ಪರಿಣತನ ಆ ಮೇಲ್ಮೆ ಬಹುಮಟ್ಟಿಗೆ ಮಾಯವಾಯಿತು. ಎಂದರೆ ಅವನಿಗಿದ್ದುದು ಹೆಚ್ಚಿನ ಸ್ಮರಣಶಕ್ತಿಯಲ್ಲ. ಅರ್ಥಮಾಡಿಕೊಂಡ ವಿನ್ಯಾಸಗಳ ಸಂಗ್ರಹ. ಬಲ್ಲವನ ವೇಗವು ಆ ಸಂಗ್ರಹದಿಂದ ತೆಗೆದು ಮಾಡುವ ಖರ್ಚು. ಕಣಜದಲ್ಲಿ ಕಾಳಿಲ್ಲದವನು ಅಳೆಯುವುದಾದರೂ ಏನನ್ನು?

ಈ ವಾದವನ್ನು ನಾನು ಮೊಮ್ಮಗನ ಮುಂದಿಟ್ಟೆ. ಅವನು ಸುಲಭವಾಗಿ ಒಪ್ಪುವವನಲ್ಲ. "ಅಜ್ಜಾ, ಆನಂದ್ ಅವರು ಸಣ್ಣವರಿದ್ದಾಗ ಬರೇ ಫಾಸ್ಟ್ ಆಟಾನ ಆಡತಿದ್ರಂತ. ಅವರು ಚಾಂಪಿಯನ್ ಆಗಲಿಲ್ಲೇನು?" ಎಂದ. ಮಾತು ನಿಜ. ವಿಶ್ವನಾಥನ್ ಆನಂದ್ ಅವರು ಬಾಲ್ಯದಲ್ಲಿ ಮದರಾಸಿನ ತಾಲ್ ಚೆಸ್ ಕ್ಲಬ್ಬಿನಲ್ಲಿ ಮಿಂಚಿನಾಟಗಳನ್ನು ಆಡುತ್ತ ಬೆಳೆದವರು. ಗೆದ್ದವನು ಕುರ್ಚಿಯಲ್ಲಿಯೇ ಉಳಿಯುವುದು, ಸೋತವನು ಎದ್ದು ಸರದಿಯ ಕೊನೆಗೆ ಹೋಗುವುದು ಅಲ್ಲಿನ ಪದ್ಧತಿ. ಆದರೆ ಅದೇ ಆನಂದ್ ಅವರು ಹೇಳಿಕೊಂಡಿರುವ ಇನ್ನೊಂದು ಸಂಗತಿಯನ್ನು ಮೊಮ್ಮಗ ಓದಿರಲಿಲ್ಲ. ತಂದೆಯವರ ಉದ್ಯೋಗದ ನಿಮಿತ್ತ ಅವರ ಕುಟುಂಬವು 1970ರ ದಶಕದ ಕೊನೆಯಲ್ಲಿ ಫಿಲಿಪ್ಪೀನ್ಸಿನ ಮನಿಲಾ ನಗರದಲ್ಲಿದ್ದಿತು. ಅಲ್ಲಿನ ದೂರದರ್ಶನದಲ್ಲಿ ಮಧ್ಯಾಹ್ನ ಚದುರಂಗದ ಕಾರ್ಯಕ್ರಮವೊಂದು ಬರುತ್ತಿತ್ತು. ಕೊನೆಯಲ್ಲಿ ಒಂದು ಸಮಸ್ಯೆಯನ್ನು ಕೊಡುತ್ತಿದ್ದರು. ಬಾಲಕನು ಆ ಹೊತ್ತಿನಲ್ಲಿ ಶಾಲೆಯಲ್ಲಿ. ತಾಯಿ ಸುಶೀಲಾ ಅವರು ಆಟಗಳನ್ನೂ ಸಮಸ್ಯೆಯನ್ನೂ ಬರೆದಿಟ್ಟು, ಮಗ ಮನೆಗೆ ಬಂದ ಮೇಲೆ ಇಬ್ಬರೂ ಕೂಡಿ ಬಿಡಿಸಿ ಉತ್ತರವನ್ನು ಕಳುಹಿಸುತ್ತಿದ್ದರು. ಬಹುಮಾನವಾಗಿ ಪುಸ್ತಕಗಳು ಬರುತ್ತಿದ್ದವು. ಕ್ಲಬ್ಬಿನ ಮಿಂಚನ್ನು ಜನ ಕಂಡರು. ತಾಯಿಯ ಆ ಬರೆದಿಟ್ಟ ಹಾಳೆಗಳನ್ನು ಯಾರು ಕಂಡರು? ಜೊತೆಗೆ ಆನಂದರಂಥ ಅಸಾಮಾನ್ಯ ಪ್ರತಿಭೆಯನ್ನು ಏಳುನೂರು ಅಂಕದ ಅಜ್ಜನಿಗೆ ಮಾದರಿಯಾಗಿ ತೋರಿಸುವುದು ಯಾವ ನ್ಯಾಯವೆಂದೂ ಮೊಮ್ಮಗನನ್ನು ಕೇಳಿದೆ. ಅವನು ನಕ್ಕ.

2024ರ ಡಿಸೆಂಬರ್ 12ರಂದು ಅವನ ವಾದಕ್ಕೆ ಇನ್ನಷ್ಟು ಪೆಟ್ಟು ಬಿತ್ತು. ಸಿಂಗಪುರದಲ್ಲಿ ಚೆನ್ನೈನ ಗುಕೇಶರೂ ಚೀನದ ಡಿಂಗ್ ಲಿರೆನ್ನರೂ ವಿಶ್ವಪಟ್ಟಕ್ಕಾಗಿ ಹದಿನಾಲ್ಕನೆಯ ಆಟಕ್ಕೆ ಕುಳಿತಿದ್ದರು. ಮೊದಲ 40 ನಡೆಗಳಿಗೆ ಒಬ್ಬೊಬ್ಬರಿಗೂ 2 ಗಂಟೆ. ಸಮಸಮವಾಗಿದ್ದ ಸ್ಪರ್ಧೆ, ಅಂದಿನ ಆಟವು ಡ್ರಾ ಆದರೆ ಮರುದಿನ ವೇಗದ ಆಟಗಳಿಂದ ನಿರ್ಣಯ. ವೇಗದ ಆಟದಲ್ಲಿ ಡಿಂಗರಿಗೇ ಮೇಲುಗೈಯೆಂದು ಬಲ್ಲವರೆಲ್ಲ ಹೇಳುತ್ತಿದ್ದರು. ಗುಕೇಶರ ವೇಗದ ಆಟಗಳ ಅಂಕವು ಅವರದೇ ದೀರ್ಘ ಆಟದ ಅಂಕಕ್ಕಿಂತ ಆಗ ನೂರಕ್ಕೂ ಮಿಕ್ಕಿ ಕೆಳಗಿತ್ತು. ಒಂದು ಕಾಲಾಳುವಿನ ಮುನ್ನಡೆ ಮಾತ್ರ ಇದ್ದ ಆ ಆಟವನ್ನು, ಡ್ರಾ ಎಂದು ಎಲ್ಲರೂ ಎಣಿಸಿದ್ದರೂ, ಆ ಹದಿನೆಂಟರ ತರುಣ ಬಿಡದೆ ಆಡಿಸುತ್ತಲೇ ಇದ್ದ. 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ತಪ್ಪು ಮನೆಗೆ ಇಟ್ಟರು. ಆನೆಗೆ ಆನೆ, ಒಂಟೆಗೆ ಒಂಟೆ ಹೋಗಿ ಕಾಲಾಳುಗಳಷ್ಟೇ ಉಳಿಯುವ ಸ್ಥಿತಿ ಬಂತು, ಅಲ್ಲಿಗೆ ಮುಗಿಯಿತು. ವಿಶ್ವವಿಜೇತನಾದವನೇ ಮಿಂಚಿನಾಟದಲ್ಲಿ ಹಿಂದೆ ಬಿದ್ದವನೆಂಬುದನ್ನು ಮೊಮ್ಮಗ ಆ ರಾತ್ರಿ ಬಹಳ ಹೊತ್ತು ಯೋಚಿಸಿದಂತೆ ಕಂಡಿತು.

ಇಷ್ಟನ್ನು ಹೇಳಿದ ಮೇಲೆ ಅವಸರದ ಆಟದ ಪಕ್ಷವಾಗಿಯೂ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಅದರಲ್ಲಿ ಉಲ್ಲಾಸವಿದೆ, ಮಕ್ಕಳನ್ನು ಮಣೆಯ ಬಳಿಗೆ ಎಳೆದುತರುವುದು ಅದೇ. ಆರಂಭದ ನಡೆಗಳು ಬಾಯಿಪಾಠವಾಗುವುದಕ್ಕೆ ಹತ್ತಾರು ಬೇಗದ ಆಟಗಳು ಸಹಾಯಕ. ಕಾಲ ಕಡಿಮೆಯಿದ್ದಾಗಲೂ ಒಂದು ನಿರ್ಧಾರಕ್ಕೆ ಬರುವ ಧೈರ್ಯವನ್ನೂ ಅದು ಕೊಡುತ್ತದೆ. ನನ್ನ ಮಿತ್ರರಿಗೆ ಆ ಧೈರ್ಯ ಕಡಿಮೆ, ಗೆಲ್ಲುವ ಆಟವನ್ನು ಅವರು ಎರಡು ಸಲ ಗಡಿಯಾರಕ್ಕೆ ಒಪ್ಪಿಸಿದ್ದಾರೆ. ನಿಧಾನವೆಂಬುದೂ ತಾನಾಗಿ ಪುಣ್ಯವಲ್ಲ. ಮಣೆಯ ಮುಂದೆ ಅರ್ಧ ಗಂಟೆ ಕುಳಿತು ಮನೆಯ ತೆರಿಗೆಯ ಬಾಕಿಯನ್ನು ಚಿಂತಿಸಿದ ದಿನಗಳು ನನಗೂ ಉಂಟು. ಅಂದು ಆಡಿದ ನಡೆಗಳು ಐದು ನಿಮಿಷದ ಆಟದವುಗಳಿಗಿಂತ ಕೆಟ್ಟವು. ನಾವು ಈಗ ಮಾಡುತ್ತಿರುವುದಿಷ್ಟು: ವಾರಕ್ಕೊಂದು ಗಂಟೆಯ ಆಟ, ಮುಗಿದ ಮೇಲೆ ನೋಟುಪುಸ್ತಕವನ್ನು ತೆರೆದು ಎಲ್ಲಿ ಎಡವಿದೆವೆಂಬುದನ್ನು ಇಬ್ಬರೂ ನೋಡುವುದು. ಕಲಿಕೆಯ ಅರ್ಧ ಭಾಗವು ಈ ಎರಡನೆಯ ಕೆಲಸದಲ್ಲಿಯೇ ಇದೆ. ಐದು ನಿಮಿಷದ ಆಟವನ್ನು ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ಬೇಕಾದರೆ ಮೊಮ್ಮಗನೊಡನೆ ನಾಲ್ಕು ಮಿಂಚಿನಾಟಗಳು, ಊಟದ ಮೇಲಿನ ಅಡಿಕೆಯಂತೆ. ತಮ್ಮ ಮನೆಯ ಮಗುವಿಗೆ ಗಂಟೆಯ ಆಟ ಹೆಚ್ಚಾದರೆ ಅರ್ಧ ಗಂಟೆಯದನ್ನು ಆಡಿಸಿರಿ. ಬರೆದುಕೊಳ್ಳುವುದನ್ನು ಮಾತ್ರ ಬಿಡಿಸಬೇಡಿರಿ. ಐವತ್ತೆಂಟು ಭಾನುವಾರಗಳಲ್ಲಿ ನಾನು ಗೆದ್ದದ್ದು ಆರು, ಸಮನಾದದ್ದು ಒಂಬತ್ತು. ಮೊಬೈಲಿನ ಅಂಕವು ಸಾವಿರವನ್ನು ದಾಟಿದೆ.

ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಆ ಉಳಿದ ಐವತ್ತು ನಿಮಿಷದ ಮಾತು ನನ್ನನ್ನು ಮಣೆಯಿಂದಾಚೆಗೂ ಹಿಂಬಾಲಿಸಿತು.

1987ನೆಯ ಇಸವಿ ಇರಬೇಕು. ಎಂಟನೆಯ ತರಗತಿ, ಮಧ್ಯಾಹ್ನದ ಕೊನೆಯ ಅವಧಿ. ಗಂಟೆ ಬಾರಿಸಲು ಎರಡು ನಿಮಿಷವಿದ್ದಾಗ ಬಾಯಿಲೆಕ್ಕವೊಂದನ್ನು ಕೇಳಿದೆ: ಒಬ್ಬನು ಒಂದೂರಿಗೆ ಹೋಗುವಾಗ ಗಂಟೆಗೆ 4 ಕಿಲೋಮೀಟರಿನಂತೆ, ಮರಳುವಾಗ 6 ಕಿಲೋಮೀಟರಿನಂತೆ ನಡೆದನು, ಅವನ ಸರಾಸರಿ ವೇಗವೆಷ್ಟು? ಹತ್ತು ಕೈಗಳು ಮೇಲೆದ್ದವು. "ಐದು ಸರ್!" ಎಂದು ಮೊದಲ ಸಾಲಿನಿಂದ ಕೂಗು ಬಂತು. "ಶಾಬಾಸ್" ಎಂದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ, ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದವನು, ಎದ್ದು ನಿಂತು "ಸರ್..." ಎಂದು ತಡವರಿಸಿದ. "ಕೂಡು" ಎಂದೆ. ಅವನು ಯಾವಾಗಲೂ ತಡವಾಗಿ ಏಳುವವನು. ಅವನಿಗಾಗಿ ಕಾಯುವ ಅಭ್ಯಾಸವನ್ನು ನಾನು ಎಂದೋ ಬಿಟ್ಟಿದ್ದೆ. ಗಂಟೆ ಬಾರಿಸಿತು. ನಾನು ಹಲಗೆಯನ್ನು ಒರೆಸುತ್ತಿದ್ದಾಗ ಅವನು ಬಳಿಗೆ ಬಂದು ಪಟ್ಟಿಯನ್ನು ತೋರಿಸಿದ. "ಸರ್, ಊರು ಇಪ್ಪತ್ತನಾಕು ಕಿಲೋಮೀಟರ್ ದೂರ ಅಂತ ಹಿಡದೆ. ಹೋಗಲಿಕ್ಕೆ ಆರು ತಾಸು, ಬರಲಿಕ್ಕೆ ನಾಕು ತಾಸು. ಹತ್ತು ತಾಸಿಗೆ ನಾಲವತ್ತೆಂಟು." ನಾಲ್ಕು ದಶಾಂಶ ಎಂಟು. ಐದಲ್ಲ. ಅವಸರದಲ್ಲಿ ನಾನೂ ತಪ್ಪಿದ್ದೆ.

"ಹೌದು, ಹೋಗು" ಎಂದೆ. ಮರುದಿನ ತರಗತಿಯಲ್ಲಿ ಉತ್ತರವನ್ನು ತಿದ್ದಿದೆ. "ನಿನ್ನೆ ನಿಮ್ಮಲ್ಲಿ ಒಬ್ಬರೂ ಇದನ್ನು ಗಮನಿಸಲಿಲ್ಲ" ಎಂದೂ ಸೇರಿಸಿದೆ. ಅವನ ಹೆಸರನ್ನು ಹೇಳಲಿಲ್ಲ. ಅವನು ಹಿಂದಿನ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. ಆ ವರ್ಷದ ಕೊನೆಯಲ್ಲಿ ಅವನು ಶಾಲೆಯನ್ನು ಬಿಟ್ಟುಹೋದ. ಕಾರಣವನ್ನು ನಾನು ವಿಚಾರಿಸಲಿಲ್ಲ.

ಅವನಿಗೆ ಈಗ ಐವತ್ತು ತುಂಬಿರಬೇಕು. ಪ್ರಸಾದನಿಲಯದಲ್ಲಿ ಓದಿದವರಲ್ಲಿ ಅನೇಕರು ಈ ಪತ್ರಿಕೆಯನ್ನು ತರಿಸುತ್ತಾರೆ. ಅವನೂ ಓದುತ್ತಿದ್ದರೆ, ಅಥವಾ ಓದುವ ತಮ್ಮಲ್ಲಿ ಯಾರಿಗಾದರೂ ಆ ನಾಲ್ಕು ದಶಾಂಶ ಎಂಟರ ಹುಡುಗನ ಪರಿಚಯವಿದ್ದರೆ, ದಯವಿಟ್ಟು ತಿಳಿಸಿರಿ: ಪ್ರತಿ ಭಾನುವಾರ ನಾಲ್ಕು ಗಂಟೆಗೆ ಮಗಳ ಮನೆಯ ಪಡಸಾಲೆಯಲ್ಲಿ ಮಣೆಯನ್ನು ಹಾಸಿರುತ್ತೇವೆ. ಆಟ ಬಾರದಿದ್ದರೆ ಮೊಮ್ಮಗ ಒಂದು ಮಧ್ಯಾಹ್ನದಲ್ಲಿ ಕಲಿಸುತ್ತಾನೆ. ಗಡಿಯಾರವನ್ನು ಅಂದು ನಾನು ಇಡುವುದಿಲ್ಲ.